"ಇಷ್ಟು ದಿನ ಎಲ್ಲಿದ್ದೆ?" ಎಂದು ಕೇಳುವವರಿಗೆ



ಬಹಳ ದಿನ ದೂರವಿದ್ದು ಈಗ ಮತ್ತೆ ಬಲಿಪೂಜೆಗೆ ಬರುತ್ತಿರುವ ಗೆಳೆಯ ಗೆಳತಿಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಸಂತೋಷದ ಸಂಗತಿ. ಆದರೆ ಚರ್ಚಿನ ಬಾಗಿಲಲ್ಲಿ ಅವರಿಗೆ ಸಿಗುವ ಮೊದಲ ಮಾತು ಯಾವುದು? "ಏನಪ್ಪಾ, ಇಷ್ಟು ದಿನ ಎಲ್ಲಿದ್ದೆ?" ಕೇಳಿದವರಿಗೆ ಅದು ತಮಾಷೆ. ಕೇಳಿಸಿಕೊಂಡವನು ಮುಂದಿನ ಭಾನುವಾರ ಬರುವುದಿಲ್ಲ. ಈ ಪ್ರಶ್ನೆಯನ್ನು ನಿಲ್ಲಿಸಿ ಎಂದು ಕೇಳುವುದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಎಲ್ಲಿದ್ದರು ಎಂದು ನಿಜವಾಗಿಯೂ ತಿಳಿಯಬೇಕೇ? ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದರು. ಬೆಳಿಗ್ಗೆ ಎಂಟೂವರೆಗೆ ಒಳಗೆ ಹೋದರೆ ಒಂದೂವರೆ ಶಿಫ್ಟ್ ಮುಗಿಸಿ ರಾತ್ರಿ ಎಂಟೂವರೆಗೆ ಹೊರಗೆ. ಎಕ್ಸ್‌ಪೋರ್ಟ್ ಆರ್ಡರ್ ಅರ್ಜೆಂಟ್ ಇದ್ದರೆ ಭಾನುವಾರವೂ ಹೋಗಬೇಕು. ಇನ್ನು ಕೆಲವರು ಪೀಳಮೇಡಿನ ಹಾಸ್ಟೆಲುಗಳಲ್ಲಿ, ಸರವಣಂಪಟ್ಟಿಯ ನೈಟ್ ಶಿಫ್ಟಿನಲ್ಲಿ. ಎಲ್ಲರದೂ ಕೆಲಸದ ಕಾರಣವಲ್ಲ, ಒಪ್ಪುತ್ತೇವೆ. ಬೇಸರದಿಂದ ಬಿಟ್ಟವರಿದ್ದಾರೆ, ಮನೆಯಲ್ಲಿ ಸಾವಾದಾಗ ದೇವರ ಮೇಲೆ ಕೋಪಿಸಿಕೊಂಡು ಬಿಟ್ಟವರಿದ್ದಾರೆ. ಭಾಷೆಯ ಕಾರಣಕ್ಕೆ ಬಿಟ್ಟವರೂ ಇದ್ದಾರೆ, ಇದನ್ನು ಯಾರೂ ಮಾತಾಡುವುದಿಲ್ಲ. ನಮ್ಮ ಮನೆಗಳಲ್ಲಿ ಕನ್ನಡ, ಪೂಜೆ ತಮಿಳಿನಲ್ಲಿ. (ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು, ನಾವೇನು ಹೊರಗಿನವರಲ್ಲ.) ಅಜ್ಜಿಯ ಪಕ್ಕ ಕೂತು ಜಪಸರವನ್ನು ಕನ್ನಡದಲ್ಲಿ ಕಲಿತವನಿಗೆ ತಮಿಳಿನಲ್ಲಿ ಸಂತೆ ವ್ಯಾಪಾರ ಸಲೀಸು, ಪಾಪನಿವೇದನೆ ಅಷ್ಟು ಸಲೀಸಲ್ಲ.

ಇವರಲ್ಲಿ ಯಾರಿಂದಲೂ ದೇವರು ದೂರ ಹೋಗಿರಲಿಲ್ಲ ಎಂಬುದು ನಮ್ಮ ವಿಶ್ವಾಸ. ಸುಮ್ಮನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಲೂಕನ ಶುಭಸಂದೇಶದ 24ನೇ ಅಧ್ಯಾಯ ತೆಗೆದು ನೋಡಿ. ಆ ಇಬ್ಬರು ಶಿಷ್ಯರು ಎಮ್ಮಾವಿಗೆ ಹೊರಟಾಗ ಜೆರುಸಲೇಮಿಗೆ ಬೆನ್ನು ಹಾಕಿ ನಡೆಯುತ್ತಿದ್ದರು. ನಿರೀಕ್ಷೆಯೆಲ್ಲ ಮುಗಿಯಿತು ಎಂದುಕೊಂಡಿದ್ದರು. ಯೇಸು ಅವರ ಜೊತೆ ನಡೆದದ್ದು ಮರಳಿ ಬರುವ ದಾರಿಯಲ್ಲಲ್ಲ, ದೂರ ಹೋಗುವ ದಾರಿಯಲ್ಲಿ. ಹನ್ನೊಂದು ಕಿಲೋಮೀಟರ್ ಆಸುಪಾಸಿನ ಆ ದಾರಿಯಲ್ಲಿ ಅವರು ಯೇಸುವನ್ನು ಗುರುತಿಸಲೇ ಇಲ್ಲ. ಗುರುತು ಸಿಗಲಿಲ್ಲವೆಂದು ಆತ ಜೊತೆಯಲ್ಲಿರಲಿಲ್ಲ ಎನ್ನಲಾಗುತ್ತದೆಯೇ?

ಇಲ್ಲಿ ನಮ್ಮ ವಯಸ್ಸಿನವರ ಜೊತೆಗೂ ಒಂದು ಜಗಳವಿದೆ. ಧ್ಯಾನಕೂಟದಲ್ಲಿ ಕಣ್ಣೀರು ಬಂದರೆ ದೇವರಿದ್ದಾರೆ, ಸೋಮವಾರ ಏನೂ ಅನ್ನಿಸದಿದ್ದರೆ ದೇವರಿಲ್ಲ, ಇದು ಯಾವ ಲೆಕ್ಕ? ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಲೋಕವೇ ಬೆರಗಾಯಿತು. ದಶಕಗಳ ಕಾಲ ಅವರಿಗೆ ದೇವರ ಸಾನ್ನಿಧ್ಯದ ಅನುಭವವೇ ಆಗಿರಲಿಲ್ಲ. ಆದರೂ ದಿನವೂ ಪೂಜೆಗೆ ಹೋದರು, ಸಾಯುವವರ ಪಕ್ಕ ಕೂತರು. ಧರ್ಮಸಭೆ 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿತು.

ಈಗ ನಮ್ಮ ನೆಲದ ಚರಿತ್ರೆಗೆ ಬರೋಣ. ಅವಿನಾಶಿ ರಸ್ತೆಯಲ್ಲಿ ಹೋಗುವಾಗ ಸಿಗುವ ಕರುಮತ್ತಂಪಟ್ಟಿಯ ಜಪಮಾಲೆ ಮಾತೆಯ ಚರ್ಚು ಎಲ್ಲರಿಗೂ ಗೊತ್ತು. 2019ರಲ್ಲಿ ಅದು ಬೆಸಿಲಿಕಾ ಆಯಿತು. ಅಲ್ಲಿ ಸೇವೆ ಮಾಡಿದ ಗುರುಗಳಲ್ಲಿ ಫ್ರಾನ್ಸಿನಿಂದ ಬಂದ ಅಬ್ಬೆ ದುಬುವಾ ಒಬ್ಬರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರನ್ನು ಅಲ್ಲಿಗೆ ಕರೆಸಿದರು. ಟಿಪ್ಪುವಿನ ಸೆರೆಯಲ್ಲಿ ಬಲವಂತಕ್ಕೆ ಧರ್ಮ ಬಿಟ್ಟ ಕ್ರೈಸ್ತರು ಅಲ್ಲಿದ್ದರು. ಕೆನರಾದಿಂದ ಬಂದವರ ಸೆರೆ ಶುರುವಾದದ್ದು 1784ರಲ್ಲಿ, ಅಂದರೆ ಹದಿನೈದು ವರ್ಷ. ದುಬುವಾ ಸುಮಾರು 1,800 ಮಂದಿಯನ್ನು ಮತ್ತೆ ಧರ್ಮಸಭೆಗೆ ಸೇರಿಸಿಕೊಂಡರು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಟಿಪ್ಪುವಿನ ಬಗ್ಗೆ ಇಂದಿನ ರಾಜಕೀಯ ಜಗಳಕ್ಕೆ ಈ ಮಾತನ್ನು ಯಾರೂ ಎಳೆಯಬೇಡಿ, ನಮಗೆ ಬೇಕಾದದ್ದು ಬಾಗಿಲಲ್ಲಿ ನಿಂತ ಆ ಗುರುಗಳು. ಅವರೇನೂ ಆಶಾವಾದಿಯಲ್ಲ. ಈ ದೇಶದಲ್ಲಿ ಹೊಸಬರು ಕ್ರೈಸ್ತರಾಗುವ ಭರವಸೆಯೇ ಇಲ್ಲವೆಂದು 1823ರಲ್ಲಿ ಪುಸ್ತಕವನ್ನೇ ಬರೆದು ಪ್ರಕಟಿಸಿದ ಮನುಷ್ಯ. ಅಂಥವರೂ ಮರಳಿ ಬಂದವರಿಗೆ ಬಾಗಿಲು ತೆರೆದರು.

"ಅವರದು ಬಲವಂತ, ಇವರದು ಸೋಮಾರಿತನ" ಎಂದು ಒಬ್ಬ ಹಿರಿಯರು ನಮಗೆ ಹೇಳಿದರು. ಇರಬಹುದು. ಆದರೆ ಕಳೆದುಹೋದ ಮಗನ ಸಾಮತಿಯಲ್ಲಿ ಆ ಮಗನನ್ನು ಯಾರೂ ಬಲವಂತ ಮಾಡಿರಲಿಲ್ಲ. ತಾನೇ ಪಾಲು ಕೇಳಿಕೊಂಡು ಹೋದವನು. ತಂದೆ ದೂರದಿಂದಲೇ ಅವನನ್ನು ಕಂಡು ಓಡಿಹೋದರು, ಸಿದ್ಧಮಾಡಿಕೊಂಡು ಬಂದ ಕ್ಷಮಾಪಣೆಯನ್ನು ಮುಗಿಸಲೂ ಬಿಡಲಿಲ್ಲ. ಲೆಕ್ಕ ತೆಗೆದವನು ಅಣ್ಣ. ಮನೆ ಬಿಟ್ಟು ಒಂದು ದಿನವೂ ಹೋಗದವನು, ಹಬ್ಬದ ದಿನ ಹೊರಗೇ ನಿಂತ. ಮದುವೆಯ ಓಲೆಗೆಂದು ಬಂದ ಹುಡುಗಿಯ ಮುಂದೆ ಮೊದಲು ವಂತಿಗೆ ಪುಸ್ತಕ ಬಿಡಿಸುವವರು ಈ ಅಣ್ಣನನ್ನು ಒಮ್ಮೆ ನೆನೆಸಿಕೊಳ್ಳಲಿ.

ಹಾಗಾದರೆ ನಿಯಮವೇ ಬೇಡವೇ? ಬೇಕು. ಪಾಪನಿವೇದನೆ ಬೇಕು, ಭಾನುವಾರದ ಪೂಜೆ ಬೇಕು. ಆದರೆ ವಿಚಾರಣೆ ನಡೆಯಬೇಕಾದದ್ದು ಪಾಪನಿವೇದನೆಯ ಪೀಠದಲ್ಲಿ, ಗುರುಗಳ ಮುಂದೆ, ಗುಟ್ಟಾಗಿ. ಗೇಟಿನ ಬಳಿ ಚಪ್ಪಲಿ ಹಾಕಿಕೊಳ್ಳುವಾಗ ಹತ್ತು ಜನರ ಮುಂದೆ ಅಲ್ಲ.

ಇನ್ನೊಂದು. ನಮ್ಮಲ್ಲಿ ಪಾಪನಿವೇದನೆಯ ಸಮಯ ಶನಿವಾರ ಸಂಜೆ ಐದು ಗಂಟೆ. ಆ ಹೊತ್ತಿಗೆ ಕಂಪನಿಯಲ್ಲಿ ಮೆಷಿನ್ ಓಡುತ್ತಿರುತ್ತದೆ, ವಾರದ ಸಂಬಳ ಕೈಗೆ ಬರುವುದೇ ರಾತ್ರಿ. ತಿಂಗಳಿಗೆ ಎರಡು ಶನಿವಾರ ರಾತ್ರಿ ಒಂಬತ್ತೂವರೆಗೆ ಗುರುಗಳು ಕೂರಬಹುದೇ, ಅದರಲ್ಲಿ ಒಂದು ದಿನ ಕನ್ನಡ ಬಲ್ಲ ಗುರುಗಳನ್ನು ಕರೆಸಬಹುದೇ ಎಂದು ನಾವೇ ಹೋಗಿ ಕೇಳುತ್ತೇವೆ. ಪಾಲನಾ ಮಂಡಳಿಯ ಹಿರಿಯರೂ ನಮ್ಮ ಜೊತೆ ಬರಬೇಕು. ರಾತ್ರಿ ಗೇಟು ತೆರೆಯುವ ಕೆಲಸ ನಮಗಿರಲಿ.