ಸಿಆರ್‌ಪಿ ಕಲಿಸಿದ ಶುದ್ಧತೆಯ ಪಾಠ

ಕೋವಿಡ್ ಕಾಲದ ರಕ್ತಪರೀಕ್ಷೆಯ ವರದಿಗಳಲ್ಲಿ ಸಿಆರ್‌ಪಿ ಎಂಬ ಸಾಲನ್ನು ಓದದವರು ಕಡಿಮೆ. ಈ ಸಿ-ರಿಯಾಕ್ಟಿವ್ ಪ್ರೋಟೀನನ್ನು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಗುರುತಿಸಿದರು. ದೇಹದಲ್ಲಿ ಉರಿಯೂತ ಎದ್ದರೆ ಯಕೃತ್ತು ಇದನ್ನು ಹೇರಳವಾಗಿ ತಯಾರಿಸುತ್ತದೆ. ಕೆಲವೊಮ್ಮೆ ರಕ್ತದಲ್ಲಿ ಇದರ ಮಟ್ಟ ಸಾವಿರ ಪಟ್ಟು ಏರುವುದೂ ಉಂಟು. ಮುಂದೆ ಹೃದಯಾಘಾತಕ್ಕೆ ಒಳಗಾಗುವವರಲ್ಲಿ ಇದು ಮೊದಲೇ ತುಸು ಹೆಚ್ಚಿರುತ್ತದೆ ಎಂದು 1990ರ ದಶಕದಲ್ಲಿ ಗೊತ್ತಾದಾಗ, ಇದು ಬರೀ ಸೂಚಕವೋ, ರಕ್ತನಾಳ ಕೆಡಿಸುವ ಕಾರಣವೋ ಎಂಬ ಪ್ರಶ್ನೆ ಎದ್ದಿತು. ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಮಾನವ ಜೀನ್ ಸೇರಿಸಿ ಬೆಳೆಸಿದ, ಮಾರುಕಟ್ಟೆಯಲ್ಲಿ ಸಿಗುವ ರೀಕಾಂಬಿನೆಂಟ್ ಸಿಆರ್‌ಪಿಯನ್ನು ಸಂಶೋಧಕರು ರಕ್ತನಾಳದ ಜೀವಕೋಶಗಳ ಮೇಲೆ ಹಾಕಿ ನೋಡಿದರು. ಕೋಶಗಳು ಕೆರಳಿದವು. ಸಿಆರ್‌ಪಿಯೇ ಅಪರಾಧಿ ಎಂದು ಸಾರುವ ಪ್ರಬಂಧಗಳು ಸಾಲುಸಾಲಾಗಿ ಬಂದವು.

ಆದರೆ ಸೀಸೆಯಲ್ಲಿದ್ದದ್ದು ಸಿಆರ್‌ಪಿ ಒಂದೇ ಅಲ್ಲ. ಕೆಡದಿರಲೆಂದು ಬೆರೆಸಿದ ಸೋಡಿಯಂ ಅಜೈಡ್ ಇತ್ತು, ಬ್ಯಾಕ್ಟೀರಿಯಾದ ಹೊರಪೊರೆಯಿಂದ ಬಂದ ಎಂಡೋಟಾಕ್ಸಿನ್ ಇತ್ತು. ಇವನ್ನು ತೆಗೆದರೆ ಕೋಶಗಳು ಕೆರಳುವುದಿಲ್ಲ ಎಂದು 2005ರಲ್ಲಿ ಬೇರೆ ಬೇರೆ ತಂಡಗಳು ತೋರಿಸಿದವು. ಪ್ರೋಟೀನುಗಳನ್ನು ಗೆರೆಗಳಾಗಿ ಬೇರ್ಪಡಿಸಿ ಶುದ್ಧತೆಯನ್ನು ಸಾರುವ ಜೆಲ್ ಪರೀಕ್ಷೆಯ ಚಿತ್ರವೇ ಇಲ್ಲಿ ಕಣ್ಣಿಗೆ ಮಣ್ಣೆರಚುತ್ತದೆ: ಪ್ರೋಟೀನಿಗೆ ಬಣ್ಣ ಹತ್ತಿ ಒಂದೇ ಅಚ್ಚುಕಟ್ಟಾದ ಗೆರೆ ಮೂಡುತ್ತದೆ, ಆದರೆ ಎಂಡೋಟಾಕ್ಸಿನ್ ಪ್ರೋಟೀನೇ ಅಲ್ಲವಾದ್ದರಿಂದ ಆ ಬಣ್ಣಕ್ಕೆ ಸಿಗುವುದೇ ಇಲ್ಲ. ರಕ್ತದ ಮಾನೊಸೈಟ್ ಕೋಶಗಳಿಗಾದರೋ ಅದರ ಪಿಕೊಗ್ರಾಂ ಪ್ರಮಾಣವೇ ಸಾಕು.

ಇಷ್ಟು ಸೂಕ್ಷ್ಮ ಕಲ್ಮಶ ಎಲ್ಲೆಡೆ ಇದ್ದದ್ದೇ, ಅದಕ್ಕೆ ಹೆದರಿದರೆ ಸಂಶೋಧನೆ ಸಾಗುವುದು ಹೇಗೆ ಎನ್ನುವವರಿದ್ದಾರೆ. ಬೇರೆ ಅಧ್ಯಯನಗಳ ವಿಷಯದಲ್ಲಿ ಈ ಮಾತು ಒಪ್ಪಬಹುದು. ಉರಿಯೂತದ ಅಧ್ಯಯನದಲ್ಲಿ ಒಪ್ಪಲಾಗದು, ಏಕೆಂದರೆ ಅಲ್ಲಿ ಕಲ್ಮಶವೂ ಪ್ರೋಟೀನೂ ಎಬ್ಬಿಸುವುದು ಒಂದೇ ಪ್ರತಿಕ್ರಿಯೆ. ಕಲ್ಮಶವನ್ನು ಪತ್ತೆಹಚ್ಚುವ ಪರೀಕ್ಷೆಯೇನೂ ದುಬಾರಿಯಲ್ಲ. ಮಾದರಿಯನ್ನು ಕುದಿಸಿದರೆ ಸಾಮಾನ್ಯವಾಗಿ ಪ್ರೋಟೀನ್ ಕೆಡುತ್ತದೆ, ಎಂಡೋಟಾಕ್ಸಿನ್ ಉಳಿಯುತ್ತದೆ. ಕುದಿಸಿದ ಮೇಲೂ ಪರಿಣಾಮ ಹಾಗೇ ಇದ್ದರೆ ಮೊದಲು ಅನುಮಾನಿಸಬೇಕಾದದ್ದು ಕಲ್ಮಶವನ್ನು. ವಿಜ್ಞಾನ ತನ್ನ ತಪ್ಪನ್ನು ತಾನೇ ತಿದ್ದಿಕೊಂಡಿತಲ್ಲ ಎಂಬ ಸಮಾಧಾನವೂ ಕೇಳಿಬರುತ್ತದೆ. ತಿದ್ದಿಕೊಂಡದ್ದು ನಿಜ. ಹುಟ್ಟಿನಿಂದಲೇ ಸಿಆರ್‌ಪಿ ಹೆಚ್ಚಿಸುವ ಜೀನ್ ರೂಪಗಳಿಂದ ಹೃದ್ರೋಗ ಹೆಚ್ಚುವುದಿಲ್ಲ ಎಂದು 2008ರ ಕೋಪನ್‌ಹೇಗನ್ ಅಧ್ಯಯನ ಕಂಡುಕೊಂಡಿತು. ಮಾನವ ರಕ್ತದಿಂದಲೇ ಶುದ್ಧೀಕರಿಸಿದ ಸಿಆರ್‌ಪಿಯನ್ನು ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟಾಗ ಉರಿಯೂತ ಏಳಲಿಲ್ಲ ಎಂದು 2014ರಲ್ಲಿ ವರದಿಯಾಯಿತು. ಆದರೆ ಅಷ್ಟರಲ್ಲಿ ವರ್ಷಗಳು ಕಳೆದಿದ್ದವು. ಆದ್ದರಿಂದ ಶುದ್ಧತೆಯನ್ನು ಲೇಬಲ್ಲಿನ ಮಾತಾಗಿ ನಂಬುವುದು ತರವಲ್ಲ. ಬಳಸಿದ ಪ್ರೋಟೀನಿನ ಪ್ರತಿ ಬ್ಯಾಚಿನ ಎಂಡೋಟಾಕ್ಸಿನ್ ಅಳತೆಯನ್ನು ಪ್ರಯೋಗದ ಫಲಿತಾಂಶದ ಜೊತೆಗೇ ಪ್ರಕಟಿಸಬೇಕು, ಅದಿಲ್ಲದ ಪ್ರಬಂಧವನ್ನು ಪತ್ರಿಕೆಗಳು ಹಿಂದಿರುಗಿಸಬೇಕು.