ಕೊಲಂಬೋ ಎಷ್ಟು ದೂರ?



ಮಾತಲೆಯ ಮೆಣಸಿನ ತೋಟಗಳನ್ನು ನೋಡಿ ಬರಲು ಸಂಘದಿಂದ ಶ್ರೀಲಂಕಾ ಪ್ರವಾಸ ಏರ್ಪಡಿಸುವ ವಿಚಾರ ಕಳೆದ ಸಭೆಯಲ್ಲಿ ಬಂದಿತಷ್ಟೆ. ಪ್ರವಾಸದ ಏಜೆಂಟರು ಕಳುಹಿಸಿದ ಹಾಳೆಯಲ್ಲಿ ‘ಬೆಂಗಳೂರು–ಕೊಲಂಬೋ ಒಂದೂವರೆ ಗಂಟೆ, ಮೂರು ದಿನದ ಪ್ರವಾಸ’ ಎಂದಿದೆ. ಅದನ್ನೋದಿ ಹೆಸರು ಬರೆಸಿದವರು ಹಲವರು. ಹಾಳೆ ಹಂಚಿದವನು ನಾನೇ ಆದ್ದರಿಂದ ಅದರ ಲೆಕ್ಕ ಸರಿಪಡಿಸುವ ಹೊಣೆಯೂ ನನ್ನದೇ.

ಹಾಳೆಯಲ್ಲಿ ಸುಳ್ಳೇನೂ ಇಲ್ಲ. ದೇವನಹಳ್ಳಿಯಿಂದ ಕೊಲಂಬೋದ ವಿಮಾನ ನಿಲ್ದಾಣವಿರುವ ಕಟುನಾಯಕಕ್ಕೆ ನೇರ ಗೆರೆ ಎಳೆದರೆ ಸುಮಾರು 710 ಕಿ.ಮೀ. 2006ರಿಂದ ಅವರ ಗಡಿಯಾರವೂ ನಮ್ಮದೂ ಒಂದೇ. ಮುಳ್ಳು ತಿರುಗಿಸುವ ಕೆಲಸವೂ ಇಲ್ಲ. ಆದರೆ ನಮ್ಮಲ್ಲಿ ಯಾರ ತೋಟವೂ ದೇವನಹಳ್ಳಿಯಲ್ಲಿಲ್ಲ, ನಾವು ನೋಡಹೊರಟ ಮೆಣಸೂ ಕಟುನಾಯಕದಲ್ಲಿಲ್ಲ.

ಕೊಪ್ಪದಿಂದ ದೇವನಹಳ್ಳಿ ಮುನ್ನೂರು ಕಿ.ಮೀ. ಮೀರುತ್ತದೆ. ಊಟ, ಕಾಫಿ ಸೇರಿ ಎಂಟು ಗಂಟೆ ಹಿಡಿಯಿರಿ. ಪರದೇಶದ ವಿಮಾನಕ್ಕೆ ಮೂರು ಗಂಟೆ ಮೊದಲು ಹೋಗಿರಬೇಕು. ಹಾರಾಟ ಒಂದೂವರೆ. ಇಳಿದು ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿ, ಪೆಟ್ಟಿಗೆ ಪಡೆದು ಹೊರಬರಲು ಒಂದು. ಅಲ್ಲಿಂದ ಮಾತಲೆಗೆ ಬಸ್ಸಿನಲ್ಲಿ ಮೂರೂವರೆ. ಒಟ್ಟು ಹದಿನೇಳು ಗಂಟೆ! ಬರುವಾಗಲೂ ಇಷ್ಟೇ. ಮೂರು ದಿನದಲ್ಲಿ ಎರಡು ದಿನ ದಾರಿಗೇ ಹೋದರೆ ತೋಟ ನೋಡುವುದು ಯಾವಾಗ?

ಈ ಲೆಕ್ಕ ತಪ್ಪಿ ನಾನೇ ಒಮ್ಮೆ ಕೆಟ್ಟಿದ್ದೇನೆ. ಹಿಂದೊಮ್ಮೆ ಪ್ರಯಾಣಕ್ಕೆ ಹೊರಟಾಗ ದಾರಿಯಲ್ಲಿ ಲಾರಿ ಮಗುಚಿ ರಸ್ತೆ ಕಟ್ಟಿತು. ನಿಲ್ದಾಣ ಸೇರುವ ಹತ್ತು ನಿಮಿಷ ಮೊದಲು ಕೌಂಟರ್ ಮುಚ್ಚಿತ್ತು. ವಿಮಾನವಿನ್ನೂ ಅಲ್ಲೇ ಇತ್ತು, ಟಿಕೆಟ್ಟಿನ ಹಣ ಮಾತ್ರ ಹಾರಿಹೋಗಿತ್ತು. ಮನೆಯವರು ಇಂದಿಗೂ ಅದನ್ನು ನೆನಪಿಸುವುದುಂಟು.

ಗೆರೆಯ ದೂರವನ್ನು ನಂಬಬಾರದೆಂಬುದು ಶ್ರೀಲಂಕೆಯ ಉತ್ತರ ತುದಿಯವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಜಾಫ್ನಾದ ಪಲಾಲಿಯಿಂದ ಚೆನ್ನೈ ನಿಲ್ದಾಣಕ್ಕೆ 355 ಕಿ.ಮೀ. ಆಸುಪಾಸು. ಆದರೂ 2019ರ ನವೆಂಬರಿನವರೆಗೆ ಅವರು ದಕ್ಷಿಣಕ್ಕೆ ಕಟುನಾಯಕದವರೆಗೆ ರಸ್ತೆ ಹಿಡಿದು, ಅಲ್ಲಿಂದ ಮತ್ತೆ ಉತ್ತರಕ್ಕೆ 645 ಕಿ.ಮೀ. ಹಾರಬೇಕಿತ್ತು. ನೇರ ವಿಮಾನ ಬಂತು, 2020ರಲ್ಲಿ ಕೊರೋನಾದಿಂದ ನಿಂತಿತು, 2022ರ ಡಿಸೆಂಬರಿನಲ್ಲಿ ಮತ್ತೆ ಆರಂಭವಾಯಿತು. ನೆಲ ಒಂದಡಿಯೂ ಅಲುಗಲಿಲ್ಲ, ಚೆನ್ನೈ ಮಾತ್ರ ಹತ್ತಿರವಾಗಿ, ದೂರವಾಗಿ, ಮತ್ತೆ ಹತ್ತಿರವಾಯಿತು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ಹೋಗುವುದಾದರೆ ಐದು ದಿನಕ್ಕೆ ಹೋಗೋಣ. ಶನಿವಾರದ ಬಟವಾಡೆ ಮುಗಿಸಿ ಭಾನುವಾರ ಹೊರಟರೆ ಗುರುವಾರ ರಾತ್ರಿ ಮನೆ ಸೇರಬಹುದು, ಮುಂದಿನ ಬಟವಾಡೆಗೂ ತೊಂದರೆಯಿಲ್ಲ. ಖರ್ಚು ಹೆಚ್ಚೆಂದು ಕೆಲವರು ಗೊಣಗುವುದು ಖಂಡಿತ. ಎರಡು ಹಗಲು ಬಸ್ಸಿನ ಕಿಟಕಿಯಲ್ಲಿ ಕಳೆದು ಬರುವ ಖರ್ಚು ಅದಕ್ಕಿಂತ ದುಬಾರಿ ಎಂದೇ ನಾನು ಹೇಳುತ್ತೇನೆ. ಸಕ್ಕರೆ ಕಾಯಿಲೆಯಿರುವ ಹಿರಿಯರು ಈ ಹದಿನೇಳು ಗಂಟೆಯನ್ನು ಮನೆಯಲ್ಲಿ ಹೇಳಿಯೇ ಒಪ್ಪಿಗೆ ಕೊಡಬೇಕು.

ದಿನಾಂಕ ಮುಂದಿನ ಸಭೆಯಲ್ಲಿ ಗೊತ್ತಾಗುವುದು. ಹಳೆಯ ಹಾಳೆ ನೋಡಿ ಹೆಸರು ಬರೆಸಿದವರು ಆ ಸಭೆಗೆ ಮೊದಲು ಮತ್ತೊಮ್ಮೆ ತಿಳಿಸಬೇಕಾಗಿ ಕೋರಿಕೆ. ಬೇಡವೆನ್ನುವವರಿಗೆ ಮುಂಗಡ ಪೂರ್ತಿ ವಾಪಸು.