ಗಾಯದ ಬೆಲೆಯನ್ನು ಯಾರು ತೆರಬೇಕು?

ಚಿತ್ರದುರ್ಗ, ಹೊಳಲ್ಕೆರೆ ಮತ್ತು ಹೊಸದುರ್ಗ ತಾಲ್ಲೂಕುಗಳ ಗುಡ್ಡಗಳಿಂದ ಅದಿರು ಕೆಳಗಿಳಿಯತೊಡಗಿ ದಶಕಗಳೇ ಕಳೆದಿವೆ. 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಜೊತೆಗೆ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿಯೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಷರತ್ತುಗಳೊಡನೆ ಮತ್ತೆ ಅವಕಾಶ ನೀಡಿತು. ಆ ವರ್ಷಗಳಲ್ಲಿ ಕಡಿದ ಕಾಡಿನ ಲೆಕ್ಕವಾಯಿತು, ಹೂಳು ತುಂಬಿದ ಹಳ್ಳಗಳ ಲೆಕ್ಕವಾಯಿತು, ಭೀಮಸಮುದ್ರದ ಸುತ್ತಿನ ಅಡಿಕೆ ತೋಟಗಳ ಮೇಲೆ ಕೂತ ಕೆಂಧೂಳಿನ ಮಾತೂ ಬಂದಿತು. ಲಾರಿಗಳ ಹಾದಿಯಲ್ಲಿ ಕಾಲು ಮುರಿದುಕೊಂಡವರ, ದುಡಿಯುವ ಕೈ ಕಳೆದುಕೊಂಡವರ ಲೆಕ್ಕವನ್ನು ಮಾತ್ರ ಯಾರೂ ಒಂದೆಡೆ ಬರೆದಿಡಲಿಲ್ಲ.

ಇದು ಕೇವಲ ಮರೆವಲ್ಲ. ಒಂದು ಟನ್ ಅದಿರಿನ ಬೆಲೆಯಲ್ಲಿ ಡೀಸೆಲ್ ಇದೆ, ಕೂಲಿ ಇದೆ, ರಾಜಧನ ಇದೆ. ಹಾದಿಯಲ್ಲಿ ಮುರಿದ ಕಾಲಿನ ಖರ್ಚು ಇಲ್ಲ. ಆ ಖರ್ಚನ್ನು ಗಾಯಾಳುವಿನ ಮನೆಯವರು ದನ ಮಾರಿ, ಒಡವೆ ಅಡವಿಟ್ಟು ಭರಿಸುತ್ತಾರೆ. ಹೊಣೆಗಾರನು ತೆರಬೇಕಾದುದನ್ನು ನೊಂದವನೇ ತೆರುವವರೆಗೆ ಅತಿಭಾರದ ಲಾರಿಯೂ ಬೇಲಿಯಿಲ್ಲದ ಗುಂಡಿಯೂ ಲಾಭದ ಬಾಬತ್ತಾಗಿಯೇ ಉಳಿಯುತ್ತವೆ. ಆದ್ದರಿಂದ ಗಾಯಕ್ಕೆ ಪರಿಹಾರ ಕೇಳುವುದು ಒಂದು ಮನೆಯ ಖಾಸಗಿ ವ್ಯಾಜ್ಯವಲ್ಲ, ಗುಡ್ಡವನ್ನು ಉಳಿಸಿಕೊಳ್ಳುವ ಕೆಲಸದ ಒಂದು ಭಾಗ.

ಇಲ್ಲಿ ಮೊದಲು ಬೇರ್ಪಡಿಸಿ ನೋಡಬೇಕಾದ ಎರಡು ಸಂಗತಿಗಳಿವೆ. ಹಿರಿಯೂರು ತಾಲ್ಲೂಕಿನ ಹೆದ್ದಾರಿಯಲ್ಲಿ 2020ರ ಆಗಸ್ಟ್‌ನಲ್ಲಿ ಖಾಸಗಿ ಬಸ್ಸೊಂದು ಹೊತ್ತಿ ಉರಿಯಿತು. 2025ರ ಡಿಸೆಂಬರ್ 25ರಂದು ಕಂಟೇನರ್ ಲಾರಿ ಬಡಿದು ಮತ್ತೊಂದು ಸ್ಲೀಪರ್ ಬಸ್ಸು ಸುಟ್ಟುಹೋಯಿತು. ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟ್‌ನಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು. ಇಂತಹ ದುರಂತಗಳ ಮರುದಿನ ಸರ್ಕಾರಗಳು ಘೋಷಿಸುವ ಹಣ ಅನುಕಂಪದ ನೆರವು. ಅದು ಬರಬಹುದು, ಬಾರದೆಯೂ ಇರಬಹುದು. ಎಷ್ಟೆಂಬುದನ್ನು ಕೊಡುವವರೇ ತೀರ್ಮಾನಿಸುತ್ತಾರೆ. ಕಾನೂನಿನ ಪರಿಹಾರ ಹಾಗಲ್ಲ. ಹಾನಿಯನ್ನು ಅಳೆದು, ಹೊಣೆಯನ್ನು ಗುರುತಿಸಿ, ಹೊಣೆಗಾರನಿಂದ ವಸೂಲು ಮಾಡಿಸುವ ಹಕ್ಕು ಅದು. ನೆರವು ಪಡೆದ ಮಾತ್ರಕ್ಕೆ ಆ ಹಕ್ಕು ಅಳಿಯುವುದಿಲ್ಲ. ಗಣಿಬಾಧಿತರಿಗೆಂದು 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದಲ್ಲಿ ಕಟ್ಟಿದ ಆಸ್ಪತ್ರೆಯ ಕೊಠಡಿಯೂ ಒಬ್ಬ ಗಾಯಾಳುವಿನ ಹಕ್ಕಿಗೆ ಬದಲಿಯಾಗದು.

ಹಳ್ಳಿಗಳಲ್ಲಿ ಈ ಹಕ್ಕು ಕೈತಪ್ಪುವುದು ಬಹುಪಾಲು ನ್ಯಾಯಾಲಯದಲ್ಲಲ್ಲ, ಅಪಘಾತದ ಮೊದಲ ವಾರದಲ್ಲಿ. ಲಾರಿ ಮಾಲೀಕನ ಕಡೆಯವರು ಬರುತ್ತಾರೆ. ಊರಿನ ಹಿರಿಯರನ್ನು ಕೂಡಿಸುತ್ತಾರೆ. ಆಸ್ಪತ್ರೆಯ ಖರ್ಚಿಗೆಂದು ಒಂದಿಷ್ಟು ಹಣ ಕೈಗಿಟ್ಟು ಖಾಲಿ ಹಾಳೆಗೆ ಸಹಿ ಪಡೆಯುತ್ತಾರೆ. ಪೊಲೀಸರಿಗೆ ದೂರು ಹೋಗುವುದಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ‘ಜಾರಿ ಬಿದ್ದು ಪೆಟ್ಟು’ ಎಂದು ಬರೆಸಲಾಗುತ್ತದೆ. ಆರು ತಿಂಗಳ ನಂತರ ಕಾಲು ಕೂಡಲಿಲ್ಲವೆಂದು ತಿಳಿದಾಗ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ರಾಜಿ ಮಾಡಿಸುವವರು ಹೇಳುವ ಮಾತು ಒಂದೇ: ‘ಡ್ರೈವರ್ ನಮ್ಮವನೇ, ಬಡವ, ಅವನ ಹೊಟ್ಟೆಯ ಮೇಲೆ ಹೊಡೆಯುವುದೇಕೆ?’ ಮಾತಿನಲ್ಲಿ ಕರುಣೆಯಿದೆ, ಆದರೆ ಅರ್ಧ ಸತ್ಯವಿದೆ. 1988ರ ಮೋಟಾರು ವಾಹನ ಕಾಯ್ದೆಯಂತೆ ರಸ್ತೆಗಿಳಿಯುವ ಪ್ರತಿ ವಾಹನಕ್ಕೂ ಮೂರನೆಯ ವ್ಯಕ್ತಿಯ ಹಾನಿಗೆ ವಿಮೆ ಕಡ್ಡಾಯ. ವಿಮೆ ಊರ್ಜಿತವಿದ್ದಲ್ಲಿ ಹಣ ತೆರುವುದು ಚಾಲಕನಲ್ಲ, ವಿಮಾ ಕಂಪನಿ. ಗುಟ್ಟಾದ ರಾಜಿಯಿಂದ ಉಳಿಯುವುದು ಬಡ ಚಾಲಕನ ಹಣವಲ್ಲ, ಕಂಪನಿಯ ಹಣ.

ಕಾನೂನಿನ ಹಾದಿ ಹೀಗಿದೆ. ದೂರು ದಾಖಲಾದ ಮೇಲೆ ಪೊಲೀಸರು 48 ಗಂಟೆಗಳೊಳಗೆ ಮೊದಲ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕೊಡಬೇಕೆಂದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳು ಹೇಳುತ್ತವೆ. ಅಪಘಾತ ನಡೆದ ಸ್ಥಳದಲ್ಲಷ್ಟೇ ಅಲ್ಲ, ಗಾಯಾಳು ವಾಸಿಸುವ ಸ್ಥಳದ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿಯೂ 166ನೇ ಕಲಮಿನಡಿ ಅರ್ಜಿ ಹಾಕಬಹುದು. ಅದೇ ದಿನದಿಂದ ಅರ್ಜಿಗೆ ಆರು ತಿಂಗಳ ಗಡುವು ಬಂದಿದೆ. ಈ ಗಡುವಿನ ಸಿಂಧುತ್ವ ಪ್ರಶ್ನಿತವಾಗಿದ್ದು, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿದೆ. ಆದರೂ ಆರು ತಿಂಗಳೊಳಗೆ ಅರ್ಜಿ ಹಾಕುವುದೇ ಜಾಣತನ.

164ನೇ ಕಲಮಿನಡಿ ಯಾರ ತಪ್ಪೆಂದು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ದೊರೆಯುತ್ತದೆ. ಆದರೆ ವಿಮಾ ಕಂಪನಿಯ ಮೂಲಕ ಈ ಹಣವನ್ನು ಒಪ್ಪಿಕೊಂಡರೆ 166ರ ಅರ್ಜಿ ಬಿದ್ದುಹೋಗುತ್ತದೆ. ಸಹಿ ಮಾಡುವ ಮುನ್ನ ವಕೀಲರನ್ನು ಕೇಳಬೇಕು. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿಯ ಯೋಜನೆಯಿದ್ದು, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಹಂತದಲ್ಲಿ ಅದರ ವಿಚಾರಣೆ ನಡೆಯುತ್ತದೆ. 2025ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನ 1.5 ಲಕ್ಷ ರೂಪಾಯಿಯವರೆಗೆ ನಗದು ಕಟ್ಟದೆ ಚಿಕಿತ್ಸೆ ಪಡೆಯಬಹುದು.

ಪರಿಹಾರವನ್ನು ಎಣಿಸುವ ಬಗೆಯನ್ನು ರೈತ ಮತ್ತು ಕೂಲಿಕಾರ ತಿಳಿದಿರಲೇಬೇಕು. ವೈದ್ಯರು ಬರೆಯುವ ಅಂಗವೈಕಲ್ಯದ ಪ್ರಮಾಣ ಬೇರೆ, ದುಡಿಮೆಯ ಶಕ್ತಿ ಕುಂದಿದ ಪ್ರಮಾಣ ಬೇರೆ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟಪಡಿಸಿದೆ. ತಿಂಗಳಿಗೆ 10,000 ರೂಪಾಯಿ ದುಡಿಯುವ 38 ವರ್ಷದ ತೆಂಗಿನಕಾಯಿ ಕೀಳುವವನೊಬ್ಬನಿಗೆ ಕಾಲಿನ ಊನ ಶೇ 40 ಎಂದಿಟ್ಟುಕೊಳ್ಳೋಣ. ಆ ವಯಸ್ಸಿಗೆ ನ್ಯಾಯಾಲಯಗಳು ಬಳಸುವ ಗುಣಕ 15. ಶೇ 40ರಂತೆ ದುಡಿಮೆಯ ನಷ್ಟ 7,20,000 ರೂಪಾಯಿ. ಆದರೆ ಆತ ಇನ್ನೆಂದೂ ಮರ ಹತ್ತಲಾರ, ಬೇರೆ ಕಸುಬೂ ಸಾಧ್ಯವಿಲ್ಲವೆಂದು ಸಾಬೀತಾದರೆ ನಷ್ಟ ಪೂರ್ತಿ 18,00,000 ರೂಪಾಯಿ. ಮುಂದಿನ ಆದಾಯವೃದ್ಧಿ, ಚಿಕಿತ್ಸೆ, ನೋವು, ನೋಡಿಕೊಳ್ಳುವವರ ಖರ್ಚು ಇದಕ್ಕೆ ಹೊರತು. ಗಾಯಾಳು ಏನು ಕೆಲಸ ಮಾಡುತ್ತಿದ್ದನೆಂಬುದಕ್ಕೆ ಸಾಕ್ಷಿ ಒದಗಿಸುವುದು ಅಷ್ಟು ಮುಖ್ಯ. ಸಂಬಳದ ಚೀಟಿ ಇಲ್ಲವೆಂದು ಅಂಜಬೇಕಿಲ್ಲ: ಕರ್ನಾಟಕದ ಕೂಲಿಕಾರನೊಬ್ಬನ ಪ್ರಕರಣದಲ್ಲಿ, ದಾಖಲೆಯಿಲ್ಲದಿದ್ದರೂ ಅವನು ಹೇಳಿದ ಕೂಲಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಿಕೊಂಡಿತು. ಮನೆಗೆಲಸದಲ್ಲೇ ಜೀವ ಸವೆಸುವ ಗೃಹಿಣಿಯ ದುಡಿಮೆಗೂ ಬೆಲೆಯಿದೆಯೆಂದು 2021ರಲ್ಲಿ ಹೇಳಿತು.

ಎಚ್ಚರದ ಮಾತೊಂದಿದೆ. ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣಿಕರಾಗಿ ಕುಳಿತವರ ಹೊಣೆ ವಿಮಾ ಕಂಪನಿಯದಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಮಾನಿಸಿದೆ. ಕಳೆ ಕೀಳಲು, ಶೇಂಗಾ ಕೀಳಲು ಹೆಣ್ಣುಮಕ್ಕಳನ್ನು ಟ್ರಾಕ್ಟರಿನ ಟ್ರೇಲರಿನಲ್ಲಿಯೂ ಲಗೇಜ್ ಆಟೋದಲ್ಲಿಯೂ ತುಂಬಿ ಒಯ್ಯುವ ರೂಢಿ ಈ ನಾಲ್ಕೂ ತಾಲ್ಲೂಕುಗಳಲ್ಲಿದೆ. ವಾಹನ ಮಗುಚಿದಾಗ ಇಂತಹವರ ಪರಿಹಾರಕ್ಕೆ ಮೊದಲು ಎದುರಾಗುವುದು ವಿಮಾ ಕಂಪನಿಯ ಇದೇ ತಕರಾರು.

ರಸ್ತೆಯಾಚೆಗೂ ಹಕ್ಕುಗಳಿವೆ. ಗಣಿ, ಕ್ರಷರ್‌ಗಳಲ್ಲಿ ಕೆಲಸದ ವೇಳೆ ಪೆಟ್ಟಾದರೆ ಮಾಲೀಕನ ತಪ್ಪನ್ನು ತೋರಿಸಬೇಕಾಗಿಲ್ಲ. 1923ರ ಕಾಯ್ದೆಯಲ್ಲಿದ್ದ ಈ ತತ್ವ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯ ಭಾಗವಾಗಿ ಮುಂದುವರಿದಿದೆ. ಕಲ್ಲುಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಕೂಡ ಕಾನೂನಿನ ಕಣ್ಣಿನಲ್ಲಿ ಕೆಲಸದ ಗಾಯವೇ. ಅದನ್ನು ಕ್ಷಯವೆಂದು ಬಗೆದು ವರ್ಷಗಟ್ಟಲೆ ಮಾತ್ರೆ ನುಂಗುವ ಮುನ್ನ, ತಾನು ಮಾಡಿದ ಕೆಲಸವೇನೆಂದು ಕಾರ್ಮಿಕನು ವೈದ್ಯರಿಗೆ ಹೇಳಿ ಬರೆಸಬೇಕು. ಹರಿದುಬಿದ್ದ ವಿದ್ಯುತ್ ತಂತಿಯಿಂದಾದ ಹಾನಿಗೆ ನಿರ್ಲಕ್ಷ್ಯ ಸಾಬೀತಾಗದಿದ್ದರೂ ವಿದ್ಯುತ್ ಸಂಸ್ಥೆಯೇ ಹೊಣೆಯೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಮಾಲಿನ್ಯದಿಂದ ದೇಹಕ್ಕೋ ಬೆಳೆಗೋ ಹಾನಿಯಾದರೆ 2010ರ ಕಾಯ್ದೆಯಡಿ ಹಸಿರು ನ್ಯಾಯಮಂಡಳಿಗೆ ಐದು ವರ್ಷಗಳೊಳಗೆ ಅರ್ಜಿ ಸಲ್ಲಿಸಬಹುದು. ದಕ್ಷಿಣದ ಪೀಠ ಚೆನ್ನೈನಲ್ಲಿದೆ.

ನ್ಯಾಯಾಲಯದ ಖರ್ಚಿನ ಭಯವೂ ಬಹುಮಟ್ಟಿಗೆ ನಿರಾಧಾರ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು ಹಾಗೂ ಕಡಿಮೆ ಆದಾಯದವರಿಗೆ ಉಚಿತವಾಗಿ ವಕೀಲರನ್ನು ಒದಗಿಸಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ರಾಜಿಯೇ ಆಗಬೇಕಾದರೆ ಅದು ಲೋಕ ಅದಾಲತ್‌ನಲ್ಲಿ, ಮೊತ್ತ ಬರೆದು, ನ್ಯಾಯಾಧೀಶರ ಮುಂದೆ ಆಗಲಿ.

ಕಾಲೇಜು ಓದುವ ಮಕ್ಕಳಿರುವ ಪ್ರತಿ ಊರಿನಲ್ಲೂ ಒಂದು ಪುಸ್ತಕ ಇಡಬಹುದು. ಅಪಘಾತದ ದಿನಾಂಕ, ಸ್ಥಳ, ವಾಹನದ ಸಂಖ್ಯೆ, ನೋಡಿದವರ ಹೆಸರು. ಎಫ್‌ಐಆರ್, ಮಹಜರು, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ರಸೀದಿಗಳ ಪ್ರತಿ. ಗಾಯಾಳು ಮಾಡುತ್ತಿದ್ದ ಕೆಲಸ. ಇಷ್ಟನ್ನು ಬರೆದಿಡಲು ಒಂದು ಸಂಜೆ ಸಾಕು. ಒಂದು ಮನೆಗೆ ಅದು ಅರ್ಜಿಯ ಆಧಾರವಾಗುತ್ತದೆ. ಹತ್ತು ಊರುಗಳ ಪುಸ್ತಕಗಳು ಒಂದೆಡೆ ಸೇರಿದರೆ, ಅದಿರು ಸಾಗಣೆಯ ಹಾದಿಯನ್ನು ಬದಲಿಸಿರೆಂದು ಜಿಲ್ಲಾಡಳಿತದ ಮುಂದೆ ಇಡಬಹುದಾದ ಸಾಕ್ಷ್ಯವಾಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಕಡಿದ ಮರಗಳ ಲೆಕ್ಕದ ಜೊತೆಗೆ ಈ ಲೆಕ್ಕವನ್ನೂ ಓದಿ ಹೇಳುವಂತಾಗಲಿ.